ಜನವರಿಯ ನೀರು

“ಅಂಡು ಎತ್ಕೊಂಡು ನಿಂತ್ರೆ ಕಳೆ ತಾನಾಗೇ ಕಿತ್ಕೊಂಡು ಬತ್ತದೇನ್ರೇ, ಮುಂಡೇವಾ? ಬುಡಕ್ಕೆ ಹಾಕ್ರೇ ಕುಡುಗೋಲ.”

ದಂಡೆಯ ಮೇಲೆ ಕುದುರೆ ನಿಲ್ಲಿಸಿಕೊಂಡು ಬೈಯುತ್ತಿದ್ದವನು ದೋನ್ ಎಲಿಯೋದೊರೊ, ಕಾಲುವೆ ಸಂಘದ ಅಧ್ಯಕ್ಷ. ಕೆಳಗೆ ಬೆಟ್ಟದ ಹಿಮ ಕರಗಿ ಬಂದ ನೀರಿನಲ್ಲಿ, ಸೊಂಟದವರೆಗೆ ಮುಳುಗಿ, ಫ್ರೆಸಿಯಾ ಮತ್ತು ಗುಡ್ಡದಡಿಯ ತುಂಡು ಹೊಲಗಳ ಹೆಂಗಸರು ನೀರುಕಳೆ ಕೊಯ್ಯುತ್ತಿದ್ದರು. ಕೊಯ್ದದ್ದನ್ನು ತಬ್ಬಿ ಎತ್ತಿ ದಂಡೆಗೆ ಎಸೆಯಬೇಕು. ಒಂದೆಳೆಯನ್ನೂ ಹರಿಯಲು ಬಿಡಕೂಡದು. ಕೆಳಗಿನವರ ತೂಬು ಕಟ್ಟಿಕೊಂಡೀತೆಂದು ಅವರ ಅಜ್ಜಿಯರು ಪಾಲಿಸಿಕೊಂಡು ಬಂದ ಕಟ್ಟಳೆ ಅದು. ಈಗ ಕೆಳಗೆ ಇರುವುದು ಸಂಘದವರು ಕರೆಂಟ್ ತೆಗೆಯಲು ಹಾಕಿದ ಟರ್ಬೈನು. ಇಳಿಜಾರಿನ ತುದಿಯಲ್ಲಿ ಅದಕ್ಕೆ ನೀರು ನುಗ್ಗುವ ಬಾಯಿಗೆ ಕಬ್ಬಿಣದ ಕಂಬಿಗಳು. ಅದಕ್ಕಿಂತ ನಾಲ್ಕು ಮಾರು ಮೇಲೆ ಇವರ ಹೊಲಗಳ ತೂಬು. ಕ್ರಿಸ್‌ಮಸ್ ಹಬ್ಬ ಕಳೆದಾಗಿನಿಂದ ಆ ತೂಬಿಗೆ ಬೀಗ.

“ಧಣಿ, ಬೀನ್ಸು ಹೂ ಬಿಟ್ಟವೆ,” ಫ್ರೆಸಿಯಾ ತಲೆಯೆತ್ತಿದಳು. “ಈಗ ನೀರು ಬಿಡ್ದಿದ್ರೆ ಉದುರೋಯ್ತವೆ.”

“ಉದುರಿದ್ರೆ ಆಯ್ಕೊಂಡು ಮುಡ್ಕೊ. ಗಂಡಿಲ್ಲದೋಳು, ಯಾರಾದ್ರೂ ಗಿರಾಕಿ ಸಿಕ್ಕಾನು.” ಕುದುರೆಯನ್ನು ತಿರುಗಿಸುತ್ತ ಅವನು ಹೇಳಿದ: “ಸೋಮವಾರ ಕರೆಂಟ್ ಕೊಳ್ಳೋರು ಬತ್ತಾರೆ. ಅಷ್ಟೊತ್ಗೆ ಒಂದು ಎಸಳು ಕಳೆ ಕಾಣಬಾರ್ದು.”

ಅಂದು ಮಧ್ಯಾಹ್ನ ಅವಳು ಒದ್ದೆ ಲಂಗದಲ್ಲೇ ಸಂಘದ ಕಚೇರಿಗೆ ಹೋದಳು. ಪಟ್ಟಣದಿಂದ ಬಂದ ಎಂಜಿನಿಯರ್ ಹುಡುಗ ಕುರ್ಚಿ ತೋರಿಸಿದ, ಅವಳು ಕೂರಲಿಲ್ಲ.

“ನೋಡಿ ಅಮ್ಮ, ಬೇಸಿಗೇಲಿ ಎಷ್ಟು ನೀರು ಬರುತ್ತೆ, ಹೊಲಗಳಿಗೆ ಎಷ್ಟು ಹೋಗುತ್ತೆ, ಉಳಿದಿದ್ರಲ್ಲಿ ಎಷ್ಟು ಕರೆಂಟ್ ತೆಗೀಬಹುದು ಅಂತ ಮೊದಲೇ ಅಂದಾಜು ಕೊಡ್ಬೇಕು. ಅದರ ಮೇಲೇ ಮಾರಾಟದ ಕರಾರು. ಹೇಳಿದಷ್ಟು ಕೊಡದಿದ್ರೆ ಸಂಘಕ್ಕೆ ದಂಡ.” ಕಂಪ್ಯೂಟರ್ ಪರದೆಯ ಮೇಲೆ ತಿಂಗಳಿಗೊಂದು ನೀಲಿ ಕಂಬ. ಭೂಮಧ್ಯರೇಖೆಯಾಚೆ ದಕ್ಷಿಣದ ಈ ನಾಡಿಗೆ ನಡುಬೇಸಿಗೆಯಾದ ಜನವರಿಯದು ಎಲ್ಲಕ್ಕಿಂತ ಎತ್ತರ.

“ಈ ಸಲ ಬೆಟ್ಟದ ಮೇಲೆ ಹಿಮ ಅರ್ಧಾನೂ ಬಿದ್ದಿಲ್ವಲ್ಲಪ್ಪ. ಕಂಬ ಹೆಂಗೆ ಇಷ್ಟುದ್ದ ಬೆಳೀತು?”

ಹುಡುಗ ಕಿವಿ ತುರಿಸಿಕೊಂಡ. “ಗುಡ್ಡದಡಿಯ ಹೊಲ ಈ ಸಲ ಬೀಳು ಬಿಟ್ಟಿದಾರೆ, ಆ ನೀರೂ ಸೇರಿಸಿ ಅಂತ ದೋನ್ ಎಲಿಯೋದೊರೊ ಹೇಳಿದ್ರು.”

“ಬೀಳು ಬಿದ್ದಿರೋದು ಅವನ ಹಾಸಿಗೆ. ನಮ್ ಹೊಲ ಬಂದು ನೋಡಿದ್ಯೇನಪ್ಪ ನೀನು?”

ಒಳಗಿನ ಬಾಗಿಲು ತೆರೆಯಿತು. ಎಲಿಯೋದೊರೊ ಅವಳ ಮುಖ ನೋಡಲಿಲ್ಲ. ನೆಲದ ಮೇಲಿನ ಕೆಸರಿನ ಹೆಜ್ಜೆಗಳನ್ನು ನೋಡಿದ.

“ಒರಸು.”

ಅವಳು ಬಟ್ಟೆಗಾಗಿ ಸುತ್ತ ನೋಡಿದಳು.

“ಹೆಗಲ ಮೇಲದೆಯಲ್ಲ, ಅದ್ರಲ್ಲೇ.”

ಹೆಗಲ ಮೇಲಿದ್ದದ್ದು ತಾಯಿ ಸಾಯುವ ಮುಂಚೆ ನೇಯ್ದ ಶಾಲು. ಎಂಜಿನಿಯರ್ ಪರದೆಯ ಕಡೆಗೆ ಮುಖ ತಿರುಗಿಸಿಕೊಂಡ. ಫ್ರೆಸಿಯಾ ಮಂಡಿಯೂರಿ ಬಾಗಿಲವರೆಗೂ ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಒರಸಿದಳು. ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ ಓಡುತ್ತಿತ್ತು. ಯಾರಿಗಾಗಿ ಎಂದು ಅವಳು ದೇವರಿಗೆ ಹೇಳಲಿಲ್ಲ.

ಸೋಮವಾರ ಬಿಸಿಲೇರುವ ಹೊತ್ತಿಗೆ ಹೆಂಗಸರೆಲ್ಲ ನೀರಿನಲ್ಲಿದ್ದರು. ಕರೆಂಟ್ ಕೊಳ್ಳುವವರ ಕಾರುಗಳು ಇಳಿಜಾರಿನ ಬುಡದಲ್ಲಿ, ಟರ್ಬೈನಿನ ಮನೆಯ ಮುಂದೆ ನಿಂತಿದ್ದವು. ಫ್ರೆಸಿಯಾಳ ಅತ್ತಿಗೆ ಊಬೆರ್ಲಿಂದಾ ಸತ್ತ ಕೂಸುಗಳ ಜಾಗರಣೆಯಲ್ಲಿ ದೇವರ ಪದ ಹೇಳುವವಳು. ಕೊಯ್ಯುತ್ತ ಕೊಯ್ಯುತ್ತ ದೇವರ ಜನರನ್ನು ಅಟ್ಟಿಸಿಕೊಂಡು ಬಂದ ಫರೋಹ ದೊರೆಯ ರಥ ಕಡಲಿಗಿಳಿದು ಮುಳುಗಿದ ಪದವನ್ನು ಗುನುಗುತ್ತಿದ್ದಳು.

“ಅತ್ತಿಗೆ, ಆ ರಥದ ಗಾಲಿಗೆ ಏನು ಸಿಕ್ಕಾಕ್ಕೊಂಡಿತ್ತು?”

“ಪದದಲ್ಲಿ ಹೇಳಿಲ್ಲ ಕಣೆ.”

“ಕಳೆ ಇರ್ಬೇಕು,” ಎಂದಳು ಫ್ರೆಸಿಯಾ. ತಬ್ಬಿಕೊಂಡಿದ್ದ ಹಸಿರು ಹೊರೆಯನ್ನು ದಂಡೆಗೆ ಎಸೆಯದೆ ತೋಳು ಸಡಿಲಿಸಿದಳು.

ಊಬೆರ್ಲಿಂದಾ ಹರಿದು ಹೋಗುತ್ತಿದ್ದ ಹೊರೆಯನ್ನು ನೋಡಿದಳು. ಶಿಲುಬೆಯ ಗುರುತು ಹಾಕಿಕೊಂಡಳು. ತನ್ನದನ್ನೂ ಬಿಟ್ಟಳು. ಆಮೇಲೆ ಸಾಲಿನುದ್ದಕ್ಕೂ ತೋಳುಗಳು ಸಡಿಲಿದವು; ಕುಡುಗೋಲುಗಳು ಎಂದಿಗಿಂತ ಚುರುಕಾಗಿ ಓಡಿದವು. ಕಳೆ ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗಿ ಸಾಗಿ ಕಂಬಿಗಳಿಗೆ ಒತ್ತಿಕೊಂಡಿತು. ನೀರು ದಂಡೆಗೆ ಸಮನಾಗಿ ಉಬ್ಬಿತು. ಕೆಳಗಿನಿಂದ ಬರುತ್ತಿದ್ದ ಗುಂಯ್ ಸದ್ದು ಗೊರಗೊರ ಎಂದು, ಕ್ಷೀಣಿಸಿ, ನಿಂತಿತು.

ಎಲಿಯೋದೊರೊ ಏದುಸಿರು ಬಿಡುತ್ತ ಒಬ್ಬನೇ ಹತ್ತಿ ಬಂದ. “ಎತ್ರೇ ಅದನ್ನ, ಸೂಳೇರಾ!”

ಹೆಂಗಸರು ದಂಡೆಯೇರಿ ಕುಳಿತು ಲಂಗ ಹಿಂಡಿಕೊಳ್ಳುತ್ತಿದ್ದರು. “ಒಂದು ಎಸಳೂ ಕಾಣಬಾರ್ದು ಅಂದ್ರಲ್ಲ ಧಣಿ,” ಎಂದಳು ಊಬೆರ್ಲಿಂದಾ. “ಕಾಲುವೆ ಪೂರಾ ಸಾಫ್ ಆಗದೆ, ನೋಡ್ಕೊಳಿ.”

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ಬೂಟುಗಾಲಲ್ಲೇ ಕಂಬಿಗಳ ಮುಂದೆ ಧುಮುಕಿ ಕಳೆಯನ್ನು ಎರಡೂ ಕೈಯಿಂದ ಬಾಚಿದ. ಬಾಚಿದಷ್ಟೂ ಮೇಲಿನಿಂದ ಬಂತು. ಎಳೆಗಳು ತೊಡೆಗೆ ಸುತ್ತಿಕೊಂಡವು. ನೀರು ಅವನನ್ನು ಕಂಬಿಗಳಿಗೆ ಒತ್ತಿ ಹಿಡಿದು ಗದ್ದದವರೆಗೂ ಏರಿತು. ಫೋನು ಮುಳುಗಿ ಸುಮ್ಮನಾಯಿತು.

“ಫ್ರೆಸಿಯಾ, ಕೈ ಕೊಡೇ.”

“ಬೀಗದಕೈ ಎಸೀರಿ ಧಣಿ.”

ಬೀಗದಕೈ ಗೊಂಚಲು ದಂಡೆಯ ಮಣ್ಣಿಗೆ ಬಂದು ಬಿತ್ತು. ಅವಳು ಅದನ್ನು ಶಾಲಿನಲ್ಲಿ ಒರಸಿ, ಬೀಗ ತೆಗೆದು, ತೂಬಿನ ಹಲಗೆಯನ್ನು ಎತ್ತಿದಳು. ನೀರು ಹೊಲದ ಕಡೆಗೆ ನುಗ್ಗಿತು.

“ತೆಗ್ದೆಯಲ್ಲ, ಈಗ ಎಳೀರೇ ನನ್ನ. ಉಸಿರು ಕಟ್ತಾ ಅದೆ.”

“ನಮ್ ಹೊಲ ಕುಡ್ದಂಗೆ ಕುಡ್ದಂಗೆ ಕಾಲುವೆ ಇಳೀತದೆ, ಧಣಿ. ಇಳಿದ್ಮೇಲೆ ನೀವೇ ಹತ್ಕೊಂಡು ಬರ್ಬೋದು. ನೆಲ ಬಾಳ ಒಣಗದೆ, ಒಂದೇ ಗುಟುಕಿಗೆ ಕುಡಿಯಕ್ಕಾಗಲ್ಲ.”

ಯಾರೂ ಕುಳಿತಲ್ಲಿಂದ ಏಳಲಿಲ್ಲ. ಫ್ರೆಸಿಯಾ ಹೊಲದ ಕಡೆಗೆ ಬಾಗಿ ನೋಡಿದಳು. ನೀರಿನ ರಭಸಕ್ಕೆ ಬೀನ್ಸಿನ ಮೊದಲ ಸಾಲಿನ ಬುಡದ ಮಣ್ಣು ಕೊಚ್ಚಿ ಹೋಗುತ್ತಿತ್ತು. ಅವಳು ಹಲಗೆಯನ್ನು ಅರ್ಧಕ್ಕೆ ಇಳಿಸಿದಳು.