ನೆರೆಮನೆಯ ಸ್ವರ

ಒಂದಾನೊಂದು ಕಾಲದಲ್ಲಿ, ರೈನ್ ನದಿ ದಂಡೆಯ ಮೈನ್ಸ್ ಊರಿನಲ್ಲಿ, ಮನೆ ಸುಟ್ಟುಹೋದ ಒಂದು ಸ್ವರ ನೆರೆಮನೆಯಲ್ಲಿ ಎಪ್ಪತ್ತೆರಡು ವರ್ಷ ಹಾಡಿಕೊಂಡಿತ್ತು. ಆ ಸ್ವರದ ಕೊಳವೆಯನ್ನು ಇಳಿಸಲೆಂದೇ ಗುಡುಲಾ ಈಗ ಏಣಿ ಹತ್ತಿ, ಬಿಲ್ಹಿಲ್ಡ್ ಚರ್ಚಿನ ಆರ್ಗನ್ನಿನ ಹೊಟ್ಟೆಯೊಳಗೆ ಕೈ ಚಾಚಿದ್ದಳು. ಸುತ್ತ, ಒಂದೊಂದೂ ಒಂದೇ ಸ್ವರ ಹಾಡುವ ಎರಡು ಸಾವಿರ ಕೊಳವೆಗಳು ಬೆಳ್ಳಿಯ ಕಾಡಿನಂತೆ ಉಸಿರು ಹಿಡಿದು ನಿಂತಿದ್ದವು. ಕೆಳಗೆ ಶವಪೆಟ್ಟಿಗೆಯಲ್ಲಿ ಅವಳ ಅತ್ತೆ ಇರ್ಮ್‌ಟ್ರೌಡ್. ಐವತ್ತು ವರ್ಷ ಈ ಕಾಡಿಗೆ ಶ್ರುತಿ ಕೂಡಿಸಿದವಳು.

"ಇಳಿಯೇ ಮಾರಾಯ್ತಿ!" ಆರ್ಗನ್ ನುಡಿಸುವ ಲೋಥಾರ್ ಪಿಸುಗುಟ್ಟಿದ. "ಅದನ್ನ ಕಿತ್ರೆ ಹಾಡು ಹಲ್ಲು ಬಿದ್ದ ಬಾಯಿ ಥರ ಆಗತ್ತೆ."

"ಆಗ್ಲಿ ಬಿಡು. ಅತ್ತೆಗೂ ಮುಂದಿನ ಹಲ್ಲಿರ್ಲಿಲ್ಲ."

"ಸೋಮವಾರ ಹೊಸ ಕೊಳವೆ ಬರತ್ತೆ. ಆಮೇಲೆ ಕೊಟ್ರೆ ಗಂಟೇನು ಹೋಗತ್ತೆ?"

"ಅವಳು ಮಣ್ಣಿಗಿಳಿಯೋಕೆ ಮುಂಚೆ ಕೊಡ್ತೀನಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾಳೆ, ಲೋಥಾರ್."

✦

ಸಾವಿರದ ಒಂಬೈನೂರ ಮೂವತ್ತೆಂಟರ ನವೆಂಬರ್. ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿಗೆ ಬೆಂಕಿಯಿಟ್ಟಿದ್ದರು; ಅದರ ಗುಮ್ಮಟದಿಂದ ಹೊಗೆ ಏಳುವುದನ್ನು ಹನ್ನೊಂದು ವರ್ಷದ ಇರ್ಮ್‌ಟ್ರೌಡ್ ಕಿಟಕಿಯಿಂದ ಕಂಡಳು. ಅಲ್ಲಿನ ಆರ್ಗನ್ ಉರಿಯುತ್ತಿತ್ತು. ರಿಪೇರಿಗೆ ಬಂದಿದ್ದ ಅದರ ಒಂದೇ ಒಂದು ಕೊಳವೆ ಅಪ್ಪನ ಮೇಜಿನ ಮೇಲಿತ್ತು. ಅಪ್ಪ ಅದನ್ನು ಚರ್ಚಿನ ಆರ್ಗನ್ನಿನಲ್ಲಿ, ಅದೇ ಸ್ವರದ ಜಾಗದಲ್ಲಿ ನಿಲ್ಲಿಸಿ, ಗುಟ್ಟು ಬಯಲಾಗದಿರಲೆಂದು ಚರ್ಚಿನದನ್ನು ಕರಗಿಸಿಬಿಟ್ಟ.

"ಅವರ ಮನೆ ಮತ್ತೆ ಎದ್ದ ದಿನ ಕೊಟ್ಬಿಡು ಮಗಳೇ."

ಆ ಮನೆ ಎದ್ದು ನಿಂತಿದ್ದು ಎಪ್ಪತ್ತೆರಡು ವರ್ಷದ ಮೇಲೆ, ಹೋದ ವಾರ. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು.

✦

ಕೊಳವೆ ಕಿತ್ತ ಆರ್ಗನ್ನಿನಲ್ಲಿ ಲೋಥಾರ್ ಅಂತ್ಯಕ್ರಿಯೆಯ ಹಾಡು ನುಡಿಸಿದ. ಮೊದಲ ಚರಣದಲ್ಲಿ ಆ ಸ್ವರದ ಜಾಗ ಬಂದಾಗ ಬರೀ ಗಾಳಿ. ತಲೆಗಳು ತಿರುಗಿದವು. ಮೂರನೆಯ ಚರಣದ ಹೊತ್ತಿಗೆ ಇಡೀ ಚರ್ಚು ಆ ಖಾಲಿಗಾಗಿಯೇ ಕಾಯತೊಡಗಿತ್ತು; ಅದು ಬಂದಾಗ ಯಾರೂ ಕೆಮ್ಮಲಿಲ್ಲ.

ಸ್ಮಶಾನದ ದಾರಿಯಲ್ಲಿ ಶವದ ಗಾಡಿ ಹೊಸ ಸಿನಗಾಗಿನ ಹಸಿರು ಹೆಂಚಿನ ಗೋಡೆಯೆದುರು ನಿಂತಿತು. ಒಡೆಸ್ಸಾ ಊರಿನಿಂದ ಬಂದು ನೆಲೆಸಿ ಅದನ್ನು ನೋಡಿಕೊಳ್ಳುತ್ತಿದ್ದ ಫೈನಾ ಬಾಗಿಲು ತೆರೆದಳು. ಗುಡುಲಾ ಕೊಳವೆಯನ್ನು ಚಾಚಿ ಅದರ ಕಥೆ ಹೇಳಿದಳು.

"ನಮ್ಮಲ್ಲೀಗ ಆರ್ಗನ್ನೇ ಇಲ್ವಲ್ಲಮ್ಮ, ಇದನ್ನ ಎಲ್ಲಿ ಕೂರಿಸ್ಲಿ?"

"ಗೊತ್ತಿಲ್ಲ. ನಿಮ್ಮದು ಇದು."

ಫೈನಾ ಎಳೆಗೂಸನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಲ್ಲಿ ಕೊಳವೆಯನ್ನು ತೆಗೆದುಕೊಂಡಳು. ಒಳಗೆ ಹೋಗಿ, ಎತ್ತರದಿಂದ ಬೆಳಕು ಬೀಳುವಲ್ಲಿ ನಿಂತು, ತುಟಿಗಿಟ್ಟು ಊದಿದಳು.

ಬೆಳಗಿನಿಂದ ಬಾರದಿದ್ದ ಸ್ವರ ತೆರೆದ ಬಾಗಿಲಿನಿಂದ ಬೀದಿಗೆ ಬಂತು. ಗಾಡಿಯ ಬಳಿ ನಿಂತಿದ್ದ ಲೋಥಾರನ ಬೆರಳೊಂದು, ಅವನಿಗೇ ಅರಿವಿಲ್ಲದೆ, ಶವಪೆಟ್ಟಿಗೆಯ ಮುಚ್ಚಳದ ಮೇಲೆ ಆ ಸ್ವರವನ್ನು ಒತ್ತಿ ಹಿಡಿದಿತ್ತು.