ವಿಲ್ಮಾರ್‌ನ ಕಾಲಿನ ಪಟ್ಟಿ

ಸಾಲ್ತೊ ಊರಲ್ಲಿ ಜುಲ್ಮಾಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಮಗ ವಿಲ್ಮಾರ್ ಹೆಂಡತಿ ಯಾನಿನಾಳ ದವಡೆ ಮುರಿದಿದ್ದ. ನ್ಯಾಯಾಧೀಶರು ಅವನ ಕಾಲಿಗೆ ಕಾವಲಿನ ಪಟ್ಟಿ ಹಾಕಿಸಿ, ತಾಯಿಯ ಮನೆಯಲ್ಲಿರಲು ಹೇಳಿದ್ದರು. ಅವನು ಹೆಂಡತಿಯ ಹತ್ತಿರ ಸುಳಿದರೆ, ಪಟ್ಟಿ ಕತ್ತರಿಸಿದರೆ, ಕೊನೆಗೆ ಪಟ್ಟಿಯ ಚಾರ್ಜ್ ಮುಗಿದರೂ ಯಾನಿನಾಳಿಗೆ ಕೊಟ್ಟಿದ್ದ ಎಚ್ಚರಿಕೆಯ ಯಂತ್ರ ಕೂಗುತ್ತಿತ್ತು. ಪೊಲೀಸರಿಗೂ ಸುದ್ದಿ ಮುಟ್ಟುತ್ತಿತ್ತು.

ವಿಲ್ಮಾರ್ ಬೇಕೆಂದೇ ಚಾರ್ಜ್ ಮಾಡುತ್ತಿರಲಿಲ್ಲ.

“ಕೂಗ್ಲಿ ಬಿಡಮ್ಮ. ದಿನಾ ಕೂಗೋದಕ್ಕೆ ಯಾರು ಎದ್ದು ನೋಡ್ತಾರೆ?” ಎಂದು ನಗುತ್ತಿದ್ದ.

ಅವನು ಮಲಗಿದಾಗ ಜುಲ್ಮಾ ಕಾಲ ಬಳಿ ಕೂತು ಪಟ್ಟಿಗೆ ಚಾರ್ಜರಿನ ತಂತಿ ಸಿಕ್ಕಿಸುತ್ತಿದ್ದಳು. ಎಚ್ಚರವಾದರೆ ಅವನು ಒದೆಯುತ್ತಿದ್ದ. ತಡೆಯಲಾರದೆ ಒಮ್ಮೆ ಸೊಸೆ ಕೆಲಸ ಮಾಡುವ ಬೇಕರಿಗೇ ಹೋಗಿ, “ಕೇಸು ವಾಪಸ್ ತಗೊಳ್ಳೇ, ನಿನ್ ದಮ್ಮಯ್ಯ” ಎಂದು ಅಂಗಲಾಚಿದ್ದಳು. ಯಾನಿನಾ ಬಾಗಿಲು ತೋರಿಸಿದ್ದಳು.

ಆ ಮಧ್ಯಾಹ್ನ ಬೀದಿಯೆಲ್ಲ ನಿದ್ದೆಯಲ್ಲಿತ್ತು. ಜುಲ್ಮಾ ಬರಿಗಾಲಲ್ಲಿ ನನ್ನ ಬಳಿ ಓಡಿಬಂದಳು.

“ಪಟ್ಟಿ ಕತ್ತರಿಸಿ ಬಿಸಾಕಿದಾನೆ ಕಣೇ ನೆಲ್ಲಿ! ಮಾಂಸ ಕೊಯ್ಯೋ ಚಾಕೂನೂ ಇಲ್ಲ. ಬೈಕ್ ಕೇಳೋಕೆ ಯಾರ ಮನೆಗೋ ಹೋದ. ಆ ಹುಡುಗಿ ಫೋನ್ ಎತ್ತುತ್ತಿಲ್ಲ!”

ನನ್ನ ಹಳೆಯ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವಳು ದೇವರನ್ನು ಬೈಯುತ್ತಲೇ ಇದ್ದಳು.

ಬೇಕರಿಯಲ್ಲಿ ಯಂತ್ರ ಕಿರುಚುತ್ತಿತ್ತು. ವಾರವಿಡೀ ಕೇಳಿ ಬೇಸತ್ತ ಯಾನಿನಾ ಅದನ್ನು ಹಿಟ್ಟಿನ ಮೂಟೆಗಳ ಹಿಂದೆ ತುರುಕಿದ್ದಳು.

“ಮತ್ತೆ ಬಂದ್ರಾ ಅತ್ತೆ? ಏನು, ಮಗಂದು ಚಾರ್ಜ್ ಹೋಯ್ತಾ?”

“ಕತ್ತರಿಸ್ಕೊಂಡಿದಾನೆ! ಮಗೂನ ಎತ್ಕೊಂಡು ಒಳಗ್ಹೋಗು. ಬೀಗ ಹಾಕ್ಕೋ!”

ಯಾನಿನಾ ಮೂಲೆಯಲ್ಲಿ ಆಡುತ್ತಿದ್ದ ಪುಟ್ಟ ಮಗಳನ್ನು ಬಾಚಿಕೊಂಡು ಒಳಗೋಡಿದಳು. ನಾನು ಒಳಗಿನಿಂದ ಕಬ್ಬಿಣದ ಷಟರ್ ಎಳೆದೆ. ಜುಲ್ಮಾ ಮಾತ್ರ ಹೊರಗೇ ನಿಂತಳು. ಕರೆದರೂ ಬರಲಿಲ್ಲ.

ಬೈಕಿನ ಸದ್ದು ಬಂತು.

“ಪಕ್ಕಕ್ಕೆ ಹೋಗಮ್ಮ.”

“ನನ್ನ ದಾಟ್ಕೊಂಡು ಹೋಗು.”

ಅವನು ಒಂದು ಕ್ಷಣವೂ ಯೋಚಿಸಲಿಲ್ಲ ಎಂಬುದೇ ಅವಳಿಗೆ ಇಂದಿಗೂ ನುಂಗಲಾಗದ ಮಾತು. ಚಾಕು ಹೆತ್ತವಳ ಭುಜಕ್ಕೇ ಇಳಿಯಿತು. ಆದರೂ ಅವಳು ಅವನ ಅಂಗಿ ಬಿಡಲಿಲ್ಲ. ನಾನು ಷಟರ್ ಎತ್ತಿ ಹೊರಬರುವಷ್ಟರಲ್ಲಿ, ಪಟ್ಟಿಯ ಸುದ್ದಿ ಮುಟ್ಟಿ ಬಂದ ಪೊಲೀಸರು ಅವನನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು.

ವಿಲ್ಮಾರ್ ಜೈಲಿಗೆ ಹೋದ. ಜುಲ್ಮಾ ನೋಡಲು ಹೋದರೆ ಅವನು ಎದುರಿಗೆ ಬರುವುದಿಲ್ಲ. ಅವಳ ಬಲಗೈ ಮೇಲಕ್ಕೆ ಏಳುವುದಿಲ್ಲ.

ಜುಲ್ಮಾ ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಊರು ಬಿಡುವ ಮೊದಲು ಯಾನಿನಾ ಮಗಳನ್ನು ಕರೆದುಕೊಂಡು ಅವಳನ್ನು ನೋಡಲು ಬಂದಿದ್ದಳು. ಎಲ್ಲಿಗೆ ಹೋಗುತ್ತೇವೆಂದು ಹೇಳಲು ಬಾಯಿ ತೆರೆದಳು.

“ಬೇಡ, ಹೇಳ್ಬೇಡ,” ಎಂದಳು ಜುಲ್ಮಾ. “ನಾಳೆ ಅವನು ಹೊರಗೆ ಬಂದು ಕೇಳಿದ್ರೆ, ನಾನು ತಾಯಿ ಕಣಮ್ಮ. ಹೇಳ್ಬಿಡ್ತೀನೇನೋ.”