ಟೇಪು ಕಂಡರೆ ನೆಟ್ಟಗಾಗುವವರು

ನಮ್ಮ ಬಳಗದಲ್ಲಿ ಒಂದು ವಿಚಿತ್ರ ನಿಯಮವಿದೆ. ನಿಮ್ಮ ಯೋಜನೆಗೆ ಯಾರು ಎಲ್ಲರಿಗಿಂತ ಜೋರಾಗಿ "ಬೇಡ" ಅನ್ನುತ್ತಾರೋ, ಆ ಯೋಜನೆಯ ಉಸ್ತುವಾರಿ ಅವರಿಗೇ. ಕೊನೆಗೆ ಅವರ ಕೈಯಿಂದಲೇ "ಬೇಕು" ಅಂತ ಬರೆಸಿಕೊಂಡರೆ ಮಾತ್ರ ಕೆಲಸ ಮುಗಿದ ಹಾಗೆ.

ಬಳಗ ಅಂದರೆ ಬೋರ್ಡು, ಬಾಗಿಲು, ಕುರ್ಚಿ ಏನೂ ಇಲ್ಲ. 'ಕತ್ತರಿ' ಅಂತ ಒಂದು ಕಂಪ್ಯೂಟರ್ ಪ್ರೋಗ್ರಾಂ ಇದೆ, ಅದನ್ನು ನೋಡಿಕೊಳ್ಳುವ ಊರೂರಿನವರೆಲ್ಲ ಸೇರಿ ಬಳಗ. ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ಬರೆದುಕೊಡುತ್ತದೆ. ಪ್ರಿಂಟ್ ತೆಗೆದು ಬಟ್ಟೆಯ ಮೇಲೆ ಹಾಸಿ ಕತ್ತರಿಸಿದರಾಯಿತು. ಅದಕ್ಕೆ ಯಜಮಾನರಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು, ಮಾಡಿದ್ದನ್ನು ಎಲ್ಲರಿಗೂ ಹಂಚಬೇಕು. ನಾನು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಕೂತು ಹೊಲಿಯುವ ಟೈಲರ್. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ ಬಿಚ್ಚಿ ಹೊಲಿಗೆ ಕಲಿತವಳು. ಈ ಪ್ರೋಗ್ರಾಮನ್ನೂ ಹಾಗೇ ಬಿಚ್ಚಿ ಕಲಿತೆ.

ಬಿಚ್ಚಿದಾಗಲೇ ಗೊತ್ತಾಗಿದ್ದು, ಕತ್ತರಿ ಮನುಷ್ಯರನ್ನು ಅರ್ಧವೇ ನೋಡುತ್ತದೆ ಅಂತ. ಬಲಗಡೆಯ ಅಳತೆ ತಗೊಂಡು, ಎಡಗಡೆಯೂ ಹಾಗೇ ಅಂದುಕೊಂಡು ಮಡಚಿಬಿಡುತ್ತದೆ. ನಮ್ಮ ಅಕ್ಕ ಹಾಗಿಲ್ಲ.

ಅಕ್ಕ ಲೈಬ್ರರಿಯನ್. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ಕೊರಳ ಮೂಳೆ ಮುರಿಯಿತು. ಕೂಡಿತು, ಆದರೆ ಎಡಹೆಗಲು ಎರಡು ಬೆರಳಿನಷ್ಟು ಕೆಳಗೇ ಉಳಿಯಿತು. ಲೈಬ್ರರಿಯಲ್ಲಿ ಕೆಲಸ ಮಾಡುವವರೆಲ್ಲ ಕೋಟು ಹಾಕಲೇಬೇಕು. ಅಕ್ಕನ ಕೋಟು ಎಡಕ್ಕೆ ಜಾರುತ್ತಿತ್ತು. ಅದನ್ನು ಮುಚ್ಚಲು ಬೇಸಿಗೆಯಲ್ಲೂ ಶಾಲು. ಕೊನೆಗೆ ಕೌಂಟರೇ ಬಿಟ್ಟು ಹಿಂದಿನ ಕೋಣೆಗೆ ಹೋಗಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಾ ಕೂತಳು. ನಾನು ಮೂರು ಕೋಟು ಹೊಲಿದುಕೊಟ್ಟೆ. ಮೂರೂ ಜಾರಿದವು. ಊರಿಗೆಲ್ಲ ಹೊಲಿಯುವವಳಿಗೆ ಒಡಹುಟ್ಟಿದವಳ ಒಂದು ಕೋಟು ಆಗಲಿಲ್ಲ ನೋಡಿ! ನನ್ನ ಲೆಕ್ಕವೇ ತಪ್ಪಿರಬೇಕು, ಕತ್ತರಿಗೆ ಎರಡೂ ಕಡೆ ನೋಡುವುದನ್ನು ಕಲಿಸಿದರೆ ಅದು ಸರಿಯಾಗಿ ಬರೆದೀತು ಅಂದುಕೊಂಡೆ.

ಒಂದು ದಿನದ ರಿಪೇರಿಗೆ ಬಳಗದಲ್ಲಿ ಯಾರ ಅಪ್ಪಣೆಯೂ ಬೇಡ. ದೊಡ್ಡ ದೊಡ್ಡ ಕನಸುಗಳಿಗೆ 'ಎಂದಾದರೂ' ಅನ್ನುವ ಪಟ್ಟಿ ಇದೆ. ನಡುವಿನವು, ಅಂದರೆ ಆರು ತಿಂಗಳ ಕೆಲಸಗಳು, ಅವಕ್ಕೇ ಕಟ್ಟುನಿಟ್ಟು. ಒಂದು ಸಲಕ್ಕೆ ಎರಡೇ ಎರಡು. ಒಂದು ಪುಟದಲ್ಲಿ ಬರೆಯಬೇಕು: ಏನು ಮಾಡ್ತೀರಿ, ಯಾರಿಗೆ ಬೇಕು, ಏನು ಮಾಡಲ್ಲ, ಮುಗೀತು ಅಂತ ಹೇಗೆ ಗೊತ್ತಾಗತ್ತೆ. ಎರಡು ತಿಂಗಳಿಗೊಮ್ಮೆ ವರದಿ. ಆರು ತಿಂಗಳಿಗೆ ಮುಗಿಯದಿದ್ದರೆ ಅಟ್ಟಕ್ಕೆ. ಅಟ್ಟದಲ್ಲಿ ಆಗಲೇ ಹದಿನೇಳು ಯೋಜನೆಗಳಿದ್ದವು. ಹತ್ತಿದ್ದು ಒಂದೂ ಇಳಿದಿಲ್ಲ.

ಕೊನೆಯ ಪ್ರಶ್ನೆಗೆ ನಾನು ಬರೆದದ್ದು: "ಓರೆ ಹೆಗಲಿನ ಹತ್ತು ಜನಕ್ಕೆ ಹತ್ತು ಅಂಗಿ. ಏಳು ಸರಿಯಾಗಿ ಕೂತರೆ ಮುಗಿದಂತೆ." ಹತ್ತರಲ್ಲಿ ಅಕ್ಕನೂ ಒಬ್ಬಳು.

ತಕ್ಷಣ "ಬೇಡ" ಅಂತ ಬಂತು. ಯಾರು ಅಂತ ಕೇಳಬೇಕೇ? ಬೇಡಪ್ಪ. ನಿಜವಾದ ಹೆಸರು ಅವರ ಹೆಂಡತಿಗೂ ಮರೆತಿರಬೇಕು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ರಿಟೈರ್ ಆದವರು. ಅವರ ಊರು ಬೇರೆ, ನಮ್ಮ ಊರು ಬೇರೆ, ಮಾತುಕತೆಯೆಲ್ಲ ವಿಡಿಯೋದಲ್ಲಿ.

"ಟೈಲರಮ್ಮ, ಬುಡದಿಂದ ಬಿಚ್ಚಬೇಕಲ್ರೀ ಇದನ್ನ. ಚೆನ್ನಾಗಿ ಓಡ್ತಿರೋ ಲಿಫ್ಟನ್ನ ಯಾರಾದ್ರೂ ನಡುಮಹಡೀಲಿ ನಿಲ್ಸಿ ಬಿಚ್ತಾರಾ?"

"ನಿಮ್ಮ ಲಿಫ್ಟು ಬಲಗಾಲಿನೋರನ್ನ ಮಾತ್ರ ಹತ್ತಿಸ್ಕೊಳ್ತಿದೆ ಯಜಮಾನ್ರೇ."

"ಆಹಾ, ಮಾತಿಗೇನೂ ಬರ ಇಲ್ಲ! ಆಗಲಿ, ಉಸ್ತುವಾರಿ ನಂದು. ಆರು ತಿಂಗಳಾದ್ಮೇಲೆ ಅಟ್ಟದ ಬಾಗಿಲೂ ನಾನೇ ತೆಗೀತೀನಿ."

ಎರಡನೇ ತಿಂಗಳಿಗೆ ಅರ್ಧ ದಾರಿ ದಾಟಿದ್ದೆವು. ಬಳಗದ ಗಣಿತದ ಮೇಡಂ ಲೆಕ್ಕ ನೋಡಿಕೊಂಡರು, ನಾನು ಹೊಲಿಗೆಯ ಸಂದುಗೊಂದು ನೋಡಿಕೊಂಡೆ. ಕತ್ತರಿ ಎರಡು ಹೆಗಲನ್ನು ಬೇರೆ ಬೇರೆ ಬರೆಯಿತು. ಅಳತೆ ತೆಗೆಯುವ ಕೈಪಿಡಿಯನ್ನು ನಾನೇ ಬರೆದೆ. ಜನ್ಮದಲ್ಲಿ ಮೊದಲ ಸಲ ಬರವಣಿಗೆ, ಓದಿದವರು ನೋಡುತ್ತಾರೆ, ಸ್ವಲ್ಪ ಗಂಭೀರವಾಗಿರಲಿ ಅಂತ ಹೀಗೆ ಬರೆದೆ: "ಅಳತೆ ಕೊಡುವವರು ನೆಟ್ಟಗೆ, ಅಲುಗಾಡದೆ, ಮೌನವಾಗಿ ನಿಲ್ಲತಕ್ಕದ್ದು." 'ತಕ್ಕದ್ದು' ಅಂತ ಬರೆದಾಗ ನನಗೇ ಹೆಮ್ಮೆಯಾಯಿತು.

ನಾಲ್ಕನೇ ತಿಂಗಳು ಹತ್ತು ಊರಲ್ಲಿ ಬಳಗದವರು ಹತ್ತು ಅಂಗಿ ಹೊಲಿದರು. ಕೂತದ್ದು ಎರಡು. ಅಕ್ಕನದು ಮತ್ತೆ ಜಾರಿತು. ಅವಳು ಬಿಚ್ಚಿ, ಮಡಚಿ, ನನ್ನ ಕೈಗೆ ಕೊಟ್ಟು, "ಬಿಡು ಮಾರಾಯ್ತಿ, ಶಾಲು ಅಭ್ಯಾಸ ಆಗಿದೆ" ಅಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ವರದಿಯ ದಿನ ಬೇಡಪ್ಪನವರು ಆ ಹತ್ತರಲ್ಲೊಂದು ಅಂಗಿ ಹಾಕಿಕೊಂಡೇ ವಿಡಿಯೋಗೆ ಬಂದರು. ಟೂಲ್ ಬ್ಯಾಗ್ ಹೊತ್ತು ಹೊತ್ತು ಅವರ ಬಲಹೆಗಲೂ ಇಳಿದಿತ್ತಂತೆ. ಹತ್ತರಲ್ಲಿ ತಾನೂ ಒಬ್ಬರು ಅಂತ ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ನೋಡಿ, ಬಲಗಡೆ ಸುಕ್ಕು," ಅಂತ ನೆಟ್ಟಗೆ ಕೂತು ತೋರಿಸಿದರು. ಸುಕ್ಕು ಇರಲಿಲ್ಲ.

"ಎಲ್ಲಿದೆ ಯಜಮಾನ್ರೇ? ಚೆನ್ನಾಗೇ ಕೂತಿದೆಯಲ್ಲ."

"ಚೆನ್ನಾಗಿದೆಯಾ? ಕಣ್ಣಿದೆಯೇನ್ರೀ ನಿಮಗೆ! ಬೆಳಗ್ಗೆಯಿಂದ ಕತ್ತು ಹಿಡೀತಿದೆ ನಂಗೆ! ಆರು ತಿಂಗಳು ಅಂತ ಬರ್ಕೊಟ್ಟೋರು ಯಾರು…"

ಬೈಗುಳ ರಂಗೇರುತ್ತಾ ಹೋಯಿತು. ಬೈಯುತ್ತಾ ಬೈಯುತ್ತಾ ಅವರ ಬಲಹೆಗಲು ಮೆಲ್ಲಗೆ ಇಳಿಯಿತು. ಅಂಗಿಯಲ್ಲಿ ಸುಕ್ಕು ಎದ್ದಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಯಜಮಾನ್ರೇ, ನಿಲ್ಲಿಸ್ಬೇಡಿ, ಬೈತಾ ಇರಿ! ಅಮ್ಮಾವ್ರೇ, ಒಂದು ಟೇಪ್ ತಗೊಂಡು ಬನ್ನಿ!"

ಅವರ ಹೆಂಡತಿ ಟೇಪು ಹಿಡಿದು ಬಂದರು. "ಇವರು ಬೈಯೋದಕ್ಕೆ ಸಮಯ ಸಂದರ್ಭ ಬೇಕಾ ತಾಯಿ, ಇಡೀ ದಿನ ಅಳೀಬಹುದು," ಅಂದು ಅಳೆದರು. ಕೈಪಿಡಿಯ ಪ್ರಕಾರ ತೆಗೆದ ಅಳತೆಗೂ ಇದಕ್ಕೂ ಒಂದೂವರೆ ಬೆರಳು ವ್ಯತ್ಯಾಸ.

ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಟೇಪು ಕಂಡರೆ ಜನ ನೆಟ್ಟಗಾಗುತ್ತಾರೆ. ಓರೆ ಇರುವವರು ಇನ್ನೂ ನೆಟ್ಟಗಾಗುತ್ತಾರೆ. ಅಂಗಡಿಯಲ್ಲಾದರೆ ನಾನು ಅಳೆಯುವಾಗ ಬಾಯಿ ಮುಚ್ಚುವವಳೇ ಅಲ್ಲ. ಮಗಳ ಪರೀಕ್ಷೆ ಏನಾಯ್ತು, ಪಕ್ಕದ ಮನೆಯವರ ನಾಯಿ ಈಗಲೂ ಬೊಗಳತ್ತಾ ಅಂತ ಕೇಳುತ್ತಾ ಇರುತ್ತೇನೆ, ಅವರು ಮೈಮರೆತಾಗ ಟೇಪು ಹಾಯುತ್ತದೆ. ಅದು ಕಸುಬು ಅಂತ ನನಗೇ ಗೊತ್ತಿರಲಿಲ್ಲ, ಬರೀ ನನ್ನ ಬಾಯಿಚಪಲ ಅಂದುಕೊಂಡಿದ್ದೆ. ಬರೆಯಲು ಕೂತಾಗ ಮಾತ್ರ ದೊಡ್ಡ ಮನುಷ್ಯಳಾಗಿ "ಮೌನವಾಗಿ ನಿಲ್ಲತಕ್ಕದ್ದು" ಅಂದುಬಿಟ್ಟೆ.

ಮತ್ತೆ ಅಕ್ಕನನ್ನು? ಅವಳನ್ನು ನಾಲ್ಕು ಸಲವೂ ಮೌನವಾಗಿಯೇ ಅಳೆದಿದ್ದೆ. ಬಿದ್ದ ಮೇಲೆ ಅವಳ ಹತ್ತಿರ ಏನು ಮಾತಾಡಬೇಕೋ ನನಗೆ ತಿಳಿದಿರಲಿಲ್ಲ.

ಆ ಸಂಜೆಯೇ ಟೇಪು ಕೊರಳಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಅವಳು ಶಾಲು ತೆಗೆದು ಕಂಬದ ಹಾಗೆ ನಿಂತಳು.

"ಅಕ್ಕಾ, ಅವತ್ತು ಆ ಏಣಿ ಯಾಕೆ ಹತ್ತಿದ್ದೆ ನೀನು?"

ಅವಳು ನನ್ನ ಮುಖ ನೋಡಿದಳು. "ಎರಡು ವರ್ಷ ಬೇಕಾಯ್ತಾ ನಿಂಗೆ ಇದನ್ನ ಕೇಳೋಕೆ?"

"ಧೈರ್ಯ ಆಗ್ಲಿಲ್ಲ ಕಣೇ."

"ಒಬ್ಬ ಮಹಾನುಭಾವ ಬಂದಿದ್ದ. ಮೇಲಿನ ಸಾಲಿನ ದಪ್ಪ ಪುಸ್ತಕ ಬೇಕು ಅಂದ. ಹತ್ತಿದೆ, ಎರಡು ಕೈಲೂ ಎತ್ಕೊಂಡೆ. ಕೆಳಗಿಂದ ಏನಂದ ಗೊತ್ತಾ? 'ಮೇಡಂ, ಅದಲ್ಲ, ಅದರ ಪಕ್ಕದ್ದು!'"

"ಆಮೇಲೆ?"

"ಆಮೇಲೇನು, ಪಕ್ಕಕ್ಕೆ ಬಾಗಿದೆ. ನಾನು, ಏಣಿ, ಪುಸ್ತಕ ಮೂರೂ ಅವನ ಕಾಲ ಹತ್ರ. ಬಿದ್ದ ಪುಸ್ತಕ ಎತ್ತಿ ನೋಡಿ, 'ಓ, ಇದೇ ಇರಬೇಕು' ಅಂದ!"

ಅವಳಿಗೇ ನಗು ತಡೆಯಲಾಗಲಿಲ್ಲ. ನಕ್ಕಳು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿನಲ್ಲಿ ಎಡಹೆಗಲು ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂದು ಕೂತಿತು. ಟೇಪು ಹಾಯಿಸಿದೆ.

ಕೈಪಿಡಿ ಹೊಸದಾಗಿ ಬರೆದೆವು. ಮೊದಲ ಸಾಲು: "ಟೇಪು ಹಿಡಿಯುವ ಮೊದಲು ಮಾತಿಗೆ ಎಳೆಯಿರಿ." ಕೇಳಬಹುದಾದ ಇಪ್ಪತ್ತು ಪ್ರಶ್ನೆಗಳನ್ನೂ ಸೇರಿಸಿದೆ. ನೆರೆಮನೆಯವರ ಬಗ್ಗೆ ದೂರು ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಕೆಲಸ ಮಾಡಿತಂತೆ.

ಹೊಸ ಅಳತೆಯಲ್ಲಿ ಮತ್ತೆ ಹೊಲಿದ ಅಂಗಿಗಳು ಆರನೇ ತಿಂಗಳ ವರದಿಗೆ ಹತ್ತರಲ್ಲಿ ಒಂಬತ್ತು ಕೂತವು! ಹತ್ತನೆಯವರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲವಂತೆ. ಬಳಗದವರೆಲ್ಲ ಪರದೆಯ ಮುಂದೆ ಕಾದು ಕೂತೆವು. ಬೇಡಪ್ಪನವರು ಹೊಸ ಅಂಗಿಯಲ್ಲಿ ಬಂದರು. ಬಲಗೈ ಎತ್ತಿದರು, ಇಳಿಸಿದರು, ಹೆಂಡತಿಯನ್ನು ಕರೆದು ಒಂದಿಷ್ಟು ಬೈದೂ ನೋಡಿದರು. ಒಂದು ಸುಕ್ಕೂ ಏಳಲಿಲ್ಲ.

"ಟೈಲರಮ್ಮ," ಅಂದರು, "ಮೂವತ್ತು ವರ್ಷದಲ್ಲಿ ಮೊದಲನೇ ಸಲ ಅಂಗಿ ಹಾಕಿದೀನಿ ಅನ್ನೋದೇ ಮರೆತುಹೋಯ್ತು ಕಣ್ರೀ." ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಮೂಡಿತು: "ಬೇಕು. ನನಗಂತೂ ಬೇಕೇ ಬೇಕಿತ್ತು." ಹತ್ತು ಊರಿನ ಚಪ್ಪಾಳೆ ಒಟ್ಟಿಗೇ ಕೇಳಿ ನನ್ನ ಹಳೇ ಸ್ಪೀಕರ್ ಗೊರಗೊರ ಅಂದಿತು.

ಮಾರನೇ ವಾರ ಲೈಬ್ರರಿಗೆ ಹೋದೆ. ಅಕ್ಕ ಕೌಂಟರಿನಲ್ಲಿದ್ದಳು, ಹೊಸ ಅಳತೆಗೆ ನಾನು ಹೊಲಿದ ಕೋಟು ಹಾಕಿಕೊಂಡು, ಶಾಲಿಲ್ಲದೆ. ಒಂದು ಹೆಗಲು ಮೇಲೆ, ಒಂದು ಕೆಳಗೆ, ಕೋಟು ಎರಡನ್ನೂ ಅಪ್ಪಿಕೊಂಡು ಕೂತಿತ್ತು. ಯಾರೋ ಒಬ್ಬರು ಮೇಲಿನ ಸಾಲಿನ ದಪ್ಪ ಪುಸ್ತಕ ಬೇಕು ಅಂದರು.

"ಏಣಿ ಅಲ್ಲಿದೆ," ಅಂದಳು ಅಕ್ಕ, ಕಾಲರ್ ಸರಿಮಾಡಿಕೊಳ್ಳುತ್ತಾ. "ನೀವೇ ಹತ್ತಿ. ಅದಲ್ಲ, ಅದರ ಪಕ್ಕದ್ದು ಅಂತ ನಾನು ಕೆಳಗಿಂದ ಹೇಳ್ತೀನಿ."